ಮುರಿದ ಬೋಲ್ಟ್‌ಗಳ ಬದಲಾವಣೆ (ವಾಹನಗಳ ತಂಪುಗೊಳಿಸುವ ವ್ಯವಸ್ಥೆ)

ಮುರಿದ ಬೋಲ್ಟ್‌ಗಳ ಬದಲಾವಣೆ ಎಂಬುದು ಮೋಟಾರು ವಾಹನಗಳ ತಂಪುಗೊಳಿಸುವ ವ್ಯವಸ್ಥೆಯ ದುರಸ್ತಿಯಲ್ಲಿ ಪದೇ ಪದೇ ಎದುರಾಗುವ ಒಂದು ಕೆಲಸವಾಗಿದೆ. ವಾಟರ್ ಪಂಪ್, ಥರ್ಮೋಸ್ಟಾಟ್ ಹೌಸಿಂಗ್ ಮತ್ತು ಕೂಲೆಂಟ್ ಕೊಳವೆಗಳ ಜೋಡಣೆಗಳನ್ನು ಎಂಜಿನ್ನಿಗೆ ಬಿಗಿದಿರುವ ಬೋಲ್ಟ್‌ಗಳು ಬಿಚ್ಚುವಾಗ ಅಥವಾ ಬಿಗಿಯುವಾಗ ತುಂಡಾಗಿ, ಅವುಗಳ ಕೆಳಭಾಗ ಎಂಜಿನ್ನಿನ ರಂಧ್ರದಲ್ಲಿಯೇ ಉಳಿದುಬಿಡುತ್ತದೆ. ಈ ತುಂಡನ್ನು ಹೊರತೆಗೆಯುವುದು, ರಂಧ್ರದ ಥ್ರೆಡ್ ಅನ್ನು ಸರಿಪಡಿಸುವುದು ಮತ್ತು ಸರಿಯಾದ ಹೊಸ ಬೋಲ್ಟ್ ಅಳವಡಿಸುವುದು ಈ ಕೆಲಸದ ಮೂರು ಹಂತಗಳು.

ಬೋಲ್ಟ್ ಅಗ್ಗದ ವಸ್ತು. ಅದು ಕುಳಿತಿರುವ ಎರಕದ ಭಾಗ ದುಬಾರಿಯಾದುದು. ಆದ್ದರಿಂದ ಈ ಕೆಲಸದಲ್ಲಿ ಬೋಲ್ಟ್ ತುಂಡನ್ನು ತೆಗೆಯುವುದಕ್ಕಿಂತ ರಂಧ್ರವನ್ನು ಉಳಿಸಿಕೊಳ್ಳುವುದು ಮುಖ್ಯವಾಗುತ್ತದೆ. ವಿಫಲವಾದ ಪ್ರತಿಯೊಂದು ಪ್ರಯತ್ನವೂ ಮುಂದಿನ ಪ್ರಯತ್ನವನ್ನು ಕಠಿಣಗೊಳಿಸುವುದರಿಂದ, ಕಡಿಮೆ ಹಾನಿ ಮಾಡುವ ವಿಧಾನದಿಂದ ಆರಂಭಿಸಿ ಹೆಚ್ಚು ಹಾನಿ ಮಾಡುವ ವಿಧಾನದೆಡೆಗೆ ಕ್ರಮವಾಗಿ ಸಾಗುವುದು ಇಲ್ಲಿ ಅನುಸರಿಸುವ ತತ್ವವಾಗಿದೆ.

ಹಿನ್ನೆಲೆ

ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಕೂಲೆಂಟ್ ಎಂಬ ದ್ರವವು ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್‌ಗಳೊಳಗಿನ ಮಾರ್ಗಗಳಲ್ಲಿ ಹರಿದು, ಶಾಖವನ್ನು ಹೀರಿಕೊಂಡು, ರೇಡಿಯೇಟರಿನಲ್ಲಿ ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಈ ಒಳಮಾರ್ಗಗಳನ್ನು ವಾಟರ್ ಜಾಕೆಟ್ ಎನ್ನುತ್ತಾರೆ. ದ್ರವವನ್ನು ಸುತ್ತಿಸಲು ವಾಟರ್ ಪಂಪ್ ಇರುತ್ತದೆ. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ಕಡೆಗೆ ಹರಿವನ್ನು ತಡೆಯಲು ಥರ್ಮೋಸ್ಟಾಟ್ ಇರುತ್ತದೆ. ಈ ಎರಡೂ ಭಾಗಗಳನ್ನು ಗ್ಯಾಸ್ಕೆಟ್ ಅಥವಾ ರಬ್ಬರ್ ಉಂಗುರದ ಮೇಲೆ ಕೂರಿಸಿ ಬೋಲ್ಟ್‌ಗಳಿಂದ ಬಿಗಿದಿರುತ್ತಾರೆ.

ಮೆಟ್ರಿಕ್ ಅಳತೆಯ ವಾಹನಗಳಲ್ಲಿ ಈ ಸ್ಥಾನಗಳಲ್ಲಿ ಹೆಚ್ಚಾಗಿ ಎಂ6 ಮತ್ತು ಎಂ8 ಬೋಲ್ಟ್‌ಗಳು ಇರುತ್ತವೆ. ಎಂ6 ಬೋಲ್ಟಿನ ಥ್ರೆಡ್ ಭಾಗದಲ್ಲಿ ಬಲವನ್ನು ಹೊರುವ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 20 ಚದರ ಮಿಲಿಮೀಟರ್ ಮಾತ್ರ. ಎಂ8ರಲ್ಲಿ ಅದು ಸುಮಾರು 36.6 ಚದರ ಮಿಲಿಮೀಟರ್. ಇಷ್ಟು ತೆಳುವಾದ ಬೋಲ್ಟ್ ತುಕ್ಕಿನಿಂದ ಕಚ್ಚಿಕೊಂಡಾಗ ಉದ್ದನೆಯ ಹಿಡಿಯ ಸ್ಪ್ಯಾನರಿನಿಂದ ತಿರುಗಿಸಿದರೆ ತಲೆಯೇ ಕಿತ್ತುಬರುವುದು ಸುಲಭ.

ಕಾರಣಗಳು

ಬಹುತೇಕ ಆಧುನಿಕ ಎಂಜಿನ್ನುಗಳ ಸಿಲಿಂಡರ್ ಹೆಡ್, ಪಂಪ್ ಮತ್ತು ಹೌಸಿಂಗ್‌ಗಳು ಅಲ್ಯೂಮಿನಿಯಂ ಮಿಶ್ರಲೋಹದವು, ಬೋಲ್ಟ್‌ಗಳು ಉಕ್ಕಿನವು. ಎರಡು ಭಿನ್ನ ಲೋಹಗಳು ಪರಸ್ಪರ ತಾಗಿಕೊಂಡಿದ್ದು, ವಿದ್ಯುತ್ ಹರಿಯಬಲ್ಲ ದ್ರವದಲ್ಲಿ ತೊಯ್ದಾಗ ಹೆಚ್ಚು ಕ್ರಿಯಾಶೀಲವಾದ ಲೋಹ ಸವೆಯುತ್ತದೆ. ಇದನ್ನು ಗ್ಯಾಲ್ವಾನಿಕ್ ಸವೆತ ಎನ್ನುತ್ತಾರೆ. ಇಲ್ಲಿ ಸವೆಯುವುದು ಅಲ್ಯೂಮಿನಿಯಂ. ಅದರಿಂದ ಹುಟ್ಟುವ ಬಿಳಿಯ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಬೋಲ್ಟ್ ಮತ್ತು ರಂಧ್ರದ ನಡುವಿನ ಸಂದಿಯಲ್ಲಿ ಗಟ್ಟಿಯಾಗಿ ತುಂಬಿಕೊಂಡು ಬೋಲ್ಟನ್ನು ಬಿಗಿಯಾಗಿ ಹಿಡಿಯುತ್ತದೆ. ಎರಕದ ಕಬ್ಬಿಣದ ಬ್ಲಾಕ್‌ನಲ್ಲಿ ಇದೇ ಕೆಲಸವನ್ನು ಕೆಂಪು ತುಕ್ಕು ಮಾಡುತ್ತದೆ.

ಈ ಸ್ಥಿತಿಯನ್ನು ಉಲ್ಬಣಗೊಳಿಸುವ ಇತರ ಅಂಶಗಳು ಹೀಗಿವೆ:

- ಕೂಲೆಂಟಿನಲ್ಲಿರುವ ತುಕ್ಕು ನಿರೋಧಕಗಳು ಕಾಲಕ್ರಮೇಣ ಮುಗಿದುಹೋಗುವುದು. ಕೂಲೆಂಟಿನ ಬದಲು ಕೊಳವೆ ಬಾವಿಯ ಗಡಸು ನೀರನ್ನು ತುಂಬುವುದು.
- ಗ್ಯಾಸ್ಕೆಟ್ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೋರಿಕೆ ಬಹುಕಾಲ ಮುಂದುವರಿದು ಬೋಲ್ಟಿನ ಸುತ್ತ ತೇವ ನಿಲ್ಲುವುದು.
- ಎಂಜಿನ್ ಬಿಸಿಯಾಗಿ ತಣಿಯುವಾಗ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದು. ಪ್ರತಿ ಡಿಗ್ರಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ.
- ಹಿಂದಿನ ದುರಸ್ತಿಯಲ್ಲಿ ಟಾರ್ಕ್ ರೆಂಚ್ ಬಳಸದೆ ಅತಿಯಾಗಿ ಬಿಗಿದಿರುವುದು.

ಬೋಲ್ಟ್ ಯಾವಾಗ ಮುರಿಯಿತು ಎಂಬುದು ಮುಂದಿನ ಕ್ರಮವನ್ನು ನಿರ್ಧರಿಸುತ್ತದೆ. ಬಿಗಿಯುವಾಗ ಮುರಿದ ಹೊಸ ಬೋಲ್ಟಿನ ತುಂಡು ಸಾಮಾನ್ಯವಾಗಿ ರಂಧ್ರದಲ್ಲಿ ಸಡಿಲವಾಗಿಯೇ ಇರುತ್ತದೆ. ತಲೆ ಹೋದೊಡನೆ ಎಳೆತ ಇಲ್ಲವಾಗುವುದರಿಂದ ಮೊನಚಾದ ಕಡ್ಡಿಯಿಂದ ಅದನ್ನು ತಿರುಗಿಸಿ ಹೊರತರಬಹುದು. ಬಿಚ್ಚುವಾಗ ಮುರಿದ ಹಳೆಯ ಬೋಲ್ಟ್ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಅಂತಹ ಸಂದರ್ಭದಲ್ಲಿಯೂ ಹಿಡಿತ ಇರುವುದು ಥ್ರೆಡ್ಡಿನಲ್ಲೋ ಅಥವಾ ಪಂಪಿನ ದೇಹದ ಮೂಲಕ ಹಾದುಹೋಗುವ ನಯವಾದ ಕಾಂಡದಲ್ಲೋ ಎಂಬುದನ್ನು ಗಮನಿಸಬೇಕು. ಕಾಂಡ ಮಾತ್ರ ಕಚ್ಚಿಕೊಂಡಿದ್ದರೆ, ಪಂಪನ್ನು ಎಳೆದು ತೆಗೆದ ಬಳಿಕ ಹೊರಚಾಚಿದ ತುಂಡು ಹೆಚ್ಚಿನ ಬಲವಿಲ್ಲದೆ ತಿರುಗಿ ಬರುವುದುಂಟು.

ಸುರಕ್ಷತೆ

ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆರೆಯಬಾರದು. ವ್ಯವಸ್ಥೆಯೊಳಗೆ ಒತ್ತಡವಿರುವುದರಿಂದ ದ್ರವವು 100 °ಸೆ. ಮೀರಿದರೂ ಕುದಿಯದೆ ಇರಬಹುದು. ಮುಚ್ಚಳ ತೆರೆದು ಒತ್ತಡ ಇಳಿದೊಡನೆ ಅದು ಒಮ್ಮೆಲೇ ಕುದಿದು ಚಿಮ್ಮಿ ತೀವ್ರ ಸುಟ್ಟಗಾಯ ಮಾಡುತ್ತದೆ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಅದಕ್ಕೆ ಸಿಹಿ ರುಚಿ ಇರುವುದರಿಂದ ನಾಯಿ, ಬೆಕ್ಕುಗಳು ಮತ್ತು ಮಕ್ಕಳು ಅದನ್ನು ಕುಡಿಯುವ ಅಪಾಯವಿದೆ. ಬಸಿದ ದ್ರವವನ್ನು ಮುಚ್ಚಿದ ಪಾತ್ರೆಯಲ್ಲಿಡಬೇಕು. ಚರಂಡಿಗೆ ಅಥವಾ ನೆಲಕ್ಕೆ ಚೆಲ್ಲಬಾರದು.

ಡ್ರಿಲ್ ಮಾಡುವಾಗ ಮತ್ತು ಸಂಕುಚಿತ ಗಾಳಿ ಊದುವಾಗ ಕಣ್ಣಿಗೆ ರಕ್ಷಣಾ ಕನ್ನಡಕ ಅಗತ್ಯ. ತುಕ್ಕು ಬಿಡಿಸುವ ಎಣ್ಣೆಗಳು ಬೇಗ ಹೊತ್ತಿಕೊಳ್ಳುವಂಥವು. ಜ್ವಾಲೆ ಬಳಸುವ ಮೊದಲು ಅವುಗಳನ್ನು ಒರೆಸಿ ತೆಗೆಯಬೇಕು. ಕ್ಲೋರಿನ್ ಸಂಯುಕ್ತಗಳಿರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗವನ್ನು ಕಾಯಿಸುವುದಾಗಲಿ ವೆಲ್ಡ್ ಮಾಡುವುದಾಗಲಿ ಸಲ್ಲದು. ಆ ಶಾಖದಲ್ಲಿ ಫಾಸ್ಜೀನ್ ಎಂಬ ಮಾರಕ ಅನಿಲ ಉಂಟಾಗಬಲ್ಲದು.

ತೆಗೆಯುವ ವಿಧಾನಗಳು

ಪೂರ್ವಸಿದ್ಧತೆ

ಎಂಜಿನ್ ತಣಿದ ಮೇಲೆ ಕೂಲೆಂಟನ್ನು ಬಸಿದು, ಸುತ್ತಲಿನ ಬೆಲ್ಟ್, ಹೋಸ್ ಮತ್ತು ಪ್ಲಾಸ್ಟಿಕ್ ಭಾಗಗಳನ್ನು ತೆಗೆಯಲಾಗುತ್ತದೆ. ತೆರೆದ ಮಾರ್ಗಗಳಿಗೆ ಬಟ್ಟೆ ತುರುಕಿ ಲೋಹದ ಚೂರುಗಳು ಒಳಹೋಗದಂತೆ ನೋಡಿಕೊಳ್ಳಬೇಕು. ಈ ಚೂರುಗಳು ವಾಟರ್ ಪಂಪಿನ ಸೀಲನ್ನು ಗೀರಿ ಹೊಸ ಪಂಪನ್ನೂ ಸೋರುವಂತೆ ಮಾಡಬಲ್ಲವು. ಕೆಲಸಕ್ಕೆ ನೇರವಾಗಿ ಕೈ ಮತ್ತು ಡ್ರಿಲ್ ತಲುಪುವಷ್ಟು ಜಾಗ ಮಾಡಿಕೊಳ್ಳಲು ರೇಡಿಯೇಟರನ್ನೇ ತೆಗೆಯಬೇಕಾಗಿ ಬರಬಹುದು. ಓರೆಯಾಗಿ ಹಿಡಿದ ಡ್ರಿಲ್‌ನಿಂದಾಗುವ ಹಾನಿಗೆ ಹೋಲಿಸಿದರೆ ಈ ಹೆಚ್ಚುವರಿ ಶ್ರಮ ಅಲ್ಪ.

ಎಣ್ಣೆ, ತಟ್ಟುವಿಕೆ ಮತ್ತು ಶಾಖ

ತುಕ್ಕು ಬಿಡಿಸುವ ಎಣ್ಣೆಯನ್ನು ತುಂಡಿನ ಸುತ್ತ ಹಾಕಿ ಹಲವು ಗಂಟೆಗಳ ಕಾಲ, ಸಾಧ್ಯವಾದರೆ ಒಂದು ರಾತ್ರಿ, ಬಿಡಲಾಗುತ್ತದೆ. ನಡುವೆ ತುಂಡಿನ ತಲೆಯ ಮೇಲೆ ಸುತ್ತಿಗೆಯಿಂದ ಹಗುರವಾಗಿ ತಟ್ಟುವುದರಿಂದ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆ ಒಳಗಿಳಿಯಲು ದಾರಿಯಾಗುತ್ತದೆ.

ಅಲ್ಯೂಮಿನಿಯಂ ಭಾಗದಲ್ಲಿ ಶಾಖ ವಿಶೇಷವಾಗಿ ಉಪಯುಕ್ತ. ಬೋಲ್ಟಿನ ಸುತ್ತಲಿನ ಎರಕವನ್ನು ಹಾಟ್ ಏರ್ ಗನ್‌ನಿಂದ ಸುಮಾರು 150 °ಸೆ.ವರೆಗೆ ಕಾಯಿಸಿದಾಗ ರಂಧ್ರವು ಬೋಲ್ಟಿಗಿಂತ ಹೆಚ್ಚು ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಬಿಸಿಯಾದ ತುಂಡಿಗೆ ಮೇಣದ ಬತ್ತಿ ತಾಗಿಸಿದರೆ ಕರಗಿದ ಮೇಣ ಥ್ರೆಡ್‌ಗಳ ನಡುವೆ ಇಳಿದು ಜಾರುವಿಕೆ ಒದಗಿಸುತ್ತದೆ. ಇದಕ್ಕಿಂತ ಬಹಳ ಹೆಚ್ಚು ಕಾಯಿಸಿದರೆ ಅಲ್ಯೂಮಿನಿಯಂ ಮಿಶ್ರಲೋಹ ತನ್ನ ಗಟ್ಟಿತನ ಕಳೆದುಕೊಳ್ಳಬಹುದು. ಸಮೀಪದ ರಬ್ಬರ್ ಸೀಲುಗಳೂ ಸುಡಬಹುದು.

ಹೊರಚಾಚಿದ ತುಂಡು

ತುಂಡಿನ ಕೆಲವು ಮಿಲಿಮೀಟರ್ ಹೊರಗಿದ್ದರೆ ಅದನ್ನು ಲಾಕಿಂಗ್ ಪ್ಲೈಯರ್‌ನಿಂದ ಬಿಗಿಯಾಗಿ ಹಿಡಿದು ತಿರುಗಿಸಬಹುದು. ಒಂದೇ ದಿಕ್ಕಿನಲ್ಲಿ ಬಲ ಹಾಕುವ ಬದಲು ಸ್ವಲ್ಪ ಬಿಗಿಯುವ ಕಡೆಗೂ ಸ್ವಲ್ಪ ಬಿಚ್ಚುವ ಕಡೆಗೂ ಆಡಿಸಿದರೆ ತುಕ್ಕು ಪುಡಿಯಾಗುತ್ತದೆ. ಎಲ್ಲ ವಿಧಾನಗಳಲ್ಲಿ ರಂಧ್ರಕ್ಕೆ ಅತಿ ಕಡಿಮೆ ಅಪಾಯ ಇರುವುದು ಇದರಲ್ಲಿ. ಆದ್ದರಿಂದ ಹೊರಚಾಚಿದ ಭಾಗವನ್ನು ಅವಸರದಿಂದ ಉಜ್ಜಿ ಸಮತಟ್ಟು ಮಾಡಬಾರದು.

ನಟ್ ವೆಲ್ಡ್ ಮಾಡುವುದು

ತುಂಡು ಮೇಲ್ಮೈಗೆ ಸಮವಾಗಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು, ನಟ್ಟಿನ ರಂಧ್ರದ ಮೂಲಕ ತುಂಡಿಗೆ ವೆಲ್ಡ್ ಮಾಡಲಾಗುತ್ತದೆ. ಉಕ್ಕಿಗೆ ಮಾಡುವ ವೆಲ್ಡ್ ಅಲ್ಯೂಮಿನಿಯಂಗೆ ಅಂಟಿಕೊಳ್ಳುವುದಿಲ್ಲವಾದ್ದರಿಂದ ಅಲ್ಯೂಮಿನಿಯಂ ಭಾಗಗಳಲ್ಲಿಯೂ ಇದನ್ನು ಮಾಡಬಹುದು. ವೆಲ್ಡಿಂಗ್‌ನ ತೀವ್ರ ಶಾಖವು ತುಂಡನ್ನು ಒಮ್ಮೆ ಹಿಗ್ಗಿಸಿ, ತಣಿಯುವಾಗ ಕುಗ್ಗಿಸಿ, ತುಕ್ಕಿನ ಹಿಡಿತವನ್ನು ಮುರಿಯುತ್ತದೆ. ವೆಲ್ಡ್ ತಣಿದ ಮೇಲೆ ನಟ್ಟಿಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಲಾಗುತ್ತದೆ. ಮೊದಲ ನಟ್ ಕಿತ್ತುಬಂದರೆ ಮತ್ತೊಮ್ಮೆ ವೆಲ್ಡ್ ಮಾಡಬಹುದು. ರಂಧ್ರಕ್ಕೆ ಅದರಿಂದ ಹಾನಿಯಾಗುವುದಿಲ್ಲ. ವೆಲ್ಡ್ ಮಾಡುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ವಾಹನದ ಎಲೆಕ್ಟ್ರಾನಿಕ್ ನಿಯಂತ್ರಕಗಳನ್ನು ಕಾಪಾಡಬೇಕು.

ಡ್ರಿಲ್ ಮಾಡುವುದು

ಮೇಲಿನ ವಿಧಾನಗಳು ಫಲಿಸದಿದ್ದಾಗ ತುಂಡನ್ನು ಕೊರೆಯಲಾಗುತ್ತದೆ. ಇದರ ಯಶಸ್ಸು ಕೇಂದ್ರವನ್ನು ಗುರುತಿಸುವುದರಲ್ಲಿದೆ. ತುಂಡಿನ ಮುಖವನ್ನು ಸಮತಟ್ಟಾಗಿಸಿ, ಸೆಂಟರ್ ಪಂಚ್‌ನಿಂದ ನಡುಬಿಂದುವಿನಲ್ಲಿ ಗುರುತು ಹೊಡೆದು, 2 ಅಥವಾ 3 ಮಿ.ಮೀ. ಬಿಟ್‌ನಿಂದ ಆರಂಭಿಸಿ ಹಂತಹಂತವಾಗಿ ದೊಡ್ಡ ಬಿಟ್ ಬಳಸಲಾಗುತ್ತದೆ. ಉಕ್ಕು ಗಟ್ಟಿ, ಅಲ್ಯೂಮಿನಿಯಂ ಮೆದು. ಆದ್ದರಿಂದ ಕೇಂದ್ರ ತಪ್ಪಿದ ಬಿಟ್ ಉಕ್ಕನ್ನು ಬಿಟ್ಟು ಪಕ್ಕದ ಅಲ್ಯೂಮಿನಿಯಂಗೆ ಜಾರುತ್ತದೆ. ಇದನ್ನು ತಪ್ಪಿಸಲು, ತೆಗೆದ ಪಂಪ್ ಅಥವಾ ಹೌಸಿಂಗನ್ನೇ ಉಳಿದ ಬೋಲ್ಟ್‌ಗಳಿಂದ ಮತ್ತೆ ಕೂರಿಸಿ, ಅದರ ರಂಧ್ರದೊಳಗೆ ಸರಿಯಳತೆಯ ಉಕ್ಕಿನ ಬುಷ್ ಇಟ್ಟು ಡ್ರಿಲ್ಲಿಗೆ ಮಾರ್ಗದರ್ಶಿಯಾಗಿ ಬಳಸುವುದುಂಟು.

ಎಡಮುಖವಾಗಿ ಕೊರೆಯುವ ಬಿಟ್ ಬಳಸಿ ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿದರೆ, ಕೊರೆಯುವ ಬಲವೇ ತುಂಡನ್ನು ಬಿಚ್ಚುವ ದಿಕ್ಕಿಗೆ ತಳ್ಳುತ್ತದೆ. ಅನೇಕ ವೇಳೆ ತುಂಡು ನಡುವೆಯೇ ತಿರುಗಿ ಹೊರಬರುತ್ತದೆ. ವೇಗ ಕಡಿಮೆ ಇರಬೇಕು. ಕೊರೆಯುವ ಎಣ್ಣೆ ಹಾಕುತ್ತಿರಬೇಕು. ರಂಧ್ರದ ಆಳವನ್ನು ಅಳೆದು ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಬೇಕು. ಕೇಂದ್ರ ನಿಖರವಾಗಿದ್ದರೆ ಎಂ6ಕ್ಕೆ 5.0 ಮಿ.ಮೀ., ಎಂ8ಕ್ಕೆ 6.8 ಮಿ.ಮೀ. ವರೆಗೆ ಕೊರೆದು, ಥ್ರೆಡ್ಡಿನಲ್ಲಿ ಉಳಿದ ತೆಳುವಾದ ಉಕ್ಕಿನ ಸುರುಳಿಯನ್ನು ಚಿಮಟದಿಂದ ಎಳೆದು ತೆಗೆಯಬಹುದು.

ಎಕ್ಸ್‌ಟ್ರಾಕ್ಟರ್

ಕೊರೆದ ರಂಧ್ರಕ್ಕೆ ತುರುಕಿ ಎಡಕ್ಕೆ ತಿರುಗಿಸುವ ಗಟ್ಟಿ ಉಕ್ಕಿನ ಉಪಕರಣವೇ ಸ್ಕ್ರೂ ಎಕ್ಸ್‌ಟ್ರಾಕ್ಟರ್. ಇದಕ್ಕೆ ಎರಡು ಮಿತಿಗಳಿವೆ. ಮೊನೆಯತ್ತ ಕಿರಿದಾಗುತ್ತ ಹೋಗುವ ಸುರುಳಿ ಮಾದರಿಯು ಒಳಗಿಳಿದಂತೆ ತುಂಡಿನ ಗೋಡೆಯನ್ನು ಹೊರಕ್ಕೆ ತಳ್ಳಿ ಹಿಡಿತವನ್ನು ಇನ್ನೂ ಬಿಗಿಗೊಳಿಸಬಹುದು. ಎರಡನೆಯದಾಗಿ, ಎಂ6 ಬೋಲ್ಟಿಗೆ ಹಿಡಿಸುವ ಎಕ್ಸ್‌ಟ್ರಾಕ್ಟರ್ ಬಹಳ ತೆಳುವಾಗಿರುವುದರಿಂದ ಬೋಲ್ಟನ್ನು ಮುರಿದ ಬಲಕ್ಕೆ ಅದೂ ಮುರಿಯುವ ಸಂಭವ ಹೆಚ್ಚು. ರಂಧ್ರದಲ್ಲಿ ಮುರಿದುಳಿದ ಎಕ್ಸ್‌ಟ್ರಾಕ್ಟರನ್ನು ಸಾಮಾನ್ಯ ಡ್ರಿಲ್ ಬಿಟ್ ಕೊರೆಯಲಾರದು. ಆದ್ದರಿಂದ ಎಣ್ಣೆ ಮತ್ತು ಶಾಖದಿಂದ ಹಿಡಿತ ಸಡಿಲಿಸಿದ ನಂತರವೇ ಇದನ್ನು ಬಳಸುವುದು ಸೂಕ್ತ. ಉಪಕರಣವು ಬಳುಕುವಂತೆ ತೋರಿದೊಡನೆ ನಿಲ್ಲಿಸಬೇಕು.

ವಿದ್ಯುತ್ ಕಿಡಿ ಮತ್ತು ಪಟಿಕದ ದ್ರಾವಣ

ಮುರಿದ ಎಕ್ಸ್‌ಟ್ರಾಕ್ಟರ್ ಅಥವಾ ಟ್ಯಾಪ್ ತೆಗೆಯಲು ಯಂತ್ರಾಗಾರಗಳಲ್ಲಿ ವಿದ್ಯುತ್ ಕಿಡಿಗಳಿಂದ ಲೋಹವನ್ನು ಸವೆಸುವ ವಿಧಾನ ಬಳಕೆಯಲ್ಲಿದೆ. ಸೋವಿಯತ್ ವಿಜ್ಞಾನಿಗಳಾದ ಬೋರಿಸ್ ಲಜಾರೆಂಕೊ ಮತ್ತು ನತಾಲ್ಯ ಲಜಾರೆಂಕೊ ದಂಪತಿಗಳು 1943ರಲ್ಲಿ ಕಿಡಿ ಸವೆತವನ್ನು ಲೋಹ ಕೆತ್ತುವ ವಿಧಾನವಾಗಿ ರೂಪಿಸಿದರು. ಇದರಲ್ಲಿ ಲೋಹದ ಗಡಸುತನ ಅಡ್ಡಿಯಾಗುವುದಿಲ್ಲ. ಸುತ್ತಲಿನ ಥ್ರೆಡ್ ಕೂಡ ಉಳಿಯುತ್ತದೆ.

ಕಲಕಿದ ನೀರನ್ನು ತಿಳಿಗೊಳಿಸಲು ಬಳಸುವ ಪಟಿಕದ ಬಿಸಿ ದ್ರಾವಣವು ಉಕ್ಕನ್ನು ಕರಗಿಸುತ್ತದೆ. ಅಲ್ಯೂಮಿನಿಯಂ ಅನ್ನು ಬಹುಮಟ್ಟಿಗೆ ಬಾಧಿಸುವುದಿಲ್ಲ. ಥರ್ಮೋಸ್ಟಾಟ್ ಹೌಸಿಂಗ್‌ನಂತಹ ಕಳಚಬಹುದಾದ, ಸಂಪೂರ್ಣ ಅಲ್ಯೂಮಿನಿಯಂ ಭಾಗಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಬೇರಿಂಗ್ ಅಥವಾ ಉಕ್ಕಿನ ಬುಷ್ ಇರುವ ಪಂಪ್‌ಗೆ ಬಳಸಿದರೆ ಅವೂ ಕರಗುತ್ತವೆ. ಈ ಕ್ರಿಯೆ ನಿಧಾನವಾದುದು. ತುಕ್ಕು ಹಿಡಿಯದ ಉಕ್ಕಿನ ಬೋಲ್ಟ್‌ಗಳ ಮೇಲೆ ಪರಿಣಾಮಕಾರಿಯಲ್ಲ.

ಥ್ರೆಡ್ ದುರಸ್ತಿ

ತುಂಡು ಹೊರಬಂದ ನಂತರ ರಂಧ್ರದ ಥ್ರೆಡ್‌ಗಳನ್ನು ಸ್ವಚ್ಛಗೊಳಿಸಲಾಗುತ್ತದೆ. ಇದಕ್ಕೆ ಹೊಸ ಥ್ರೆಡ್ ಕತ್ತರಿಸುವ ಟ್ಯಾಪ್‌ಗಿಂತ ಇರುವ ಥ್ರೆಡ್ ಅನ್ನು ಸರಿಪಡಿಸುವ ಚೇಸರ್ ಒಳ್ಳೆಯದು. ಟ್ಯಾಪ್ ಅಲ್ಪ ಪ್ರಮಾಣದಲ್ಲಾದರೂ ಒಳ್ಳೆಯ ಲೋಹವನ್ನು ಕೆತ್ತಿ ತೆಗೆಯುತ್ತದೆ.

ಥ್ರೆಡ್ ಹಾಳಾಗಿದ್ದರೆ ರಂಧ್ರವನ್ನು ದೊಡ್ಡದು ಮಾಡಿ, ವಿಶೇಷ ಟ್ಯಾಪ್ ಹಾಕಿ, ಮೂಲ ಬೋಲ್ಟ್ ಅಳತೆಯ ಒಳಥ್ರೆಡ್ ಇರುವ ಇನ್ಸರ್ಟ್ ಕೂರಿಸಲಾಗುತ್ತದೆ. ಹೆಲಿಕಾಯಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾದುದು ತುಕ್ಕು ಹಿಡಿಯದ ಉಕ್ಕಿನ ತಂತಿಯ ಸುರುಳಿ. ಗೋಡೆಯುಳ್ಳ ಗಟ್ಟಿ ಬುಷ್ ಮಾದರಿಯ ಇನ್ಸರ್ಟ್‌ಗಳೂ ಲಭ್ಯ. ಸರಿಯಾಗಿ ಕೂರಿಸಿದ ಇನ್ಸರ್ಟ್ ಮೂಲ ಅಲ್ಯೂಮಿನಿಯಂ ಥ್ರೆಡ್‌ಗಿಂತ ಹೆಚ್ಚು ಬಲ ತಾಳುತ್ತದೆ. ಆದರೆ ರಂಧ್ರದ ಸುತ್ತಲಿನ ಗೋಡೆ ತೆಳುವಾಗಿದ್ದರೆ ಅಥವಾ ರಂಧ್ರ ವಾಟರ್ ಜಾಕೆಟ್‌ಗೆ ತೆರೆದಿದ್ದರೆ ಇನ್ಸರ್ಟಿನ ಹೊರಮೈಗೂ ಸೀಲೆಂಟ್ ಅಗತ್ಯ.

ಹೊಸ ಬೋಲ್ಟಿನ ಆಯ್ಕೆ

ಮೆಟ್ರಿಕ್ ಬೋಲ್ಟ್‌ಗಳ ತಲೆಯ ಮೇಲೆ 8.8, 10.9 ಮುಂತಾದ ಸಂಖ್ಯೆಗಳಿರುತ್ತವೆ. ಭಾರತದಲ್ಲಿ ಈ ವರ್ಗೀಕರಣ ಐಎಸ್ 1367 ಮಾನಕದಲ್ಲಿದೆ. ಮೊದಲ ಸಂಖ್ಯೆಯನ್ನು 100ರಿಂದ ಗುಣಿಸಿದರೆ ಬೋಲ್ಟ್ ತುಂಡಾಗುವ ಎಳೆತದ ಒತ್ತಡ ಮೆಗಾಪಾಸ್ಕಲ್‌ಗಳಲ್ಲಿ ದೊರೆಯುತ್ತದೆ. ಎರಡನೆಯ ಸಂಖ್ಯೆಯು ಆ ಒತ್ತಡದ ಎಷ್ಟು ಹತ್ತನೇ ಭಾಗದಲ್ಲಿ ಬೋಲ್ಟ್ ಶಾಶ್ವತವಾಗಿ ಹಿಗ್ಗಲಾರಂಭಿಸುತ್ತದೆ ಎಂಬುದನ್ನು ಸೂಚಿಸುತ್ತದೆ. ಹೀಗೆ 8.8 ಬೋಲ್ಟಿನ ಮಿತಿಗಳು 800 ಮತ್ತು 640 ಮೆಗಾಪಾಸ್ಕಲ್.

ಮುರಿದ ಬೋಲ್ಟಿನ ಜಾಗಕ್ಕೆ ಹೆಚ್ಚು ಗಟ್ಟಿಯಾದ ವರ್ಗದ ಬೋಲ್ಟ್ ಹಾಕಬೇಕೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅಲ್ಯೂಮಿನಿಯಂ ರಂಧ್ರದಲ್ಲಿ ದುರ್ಬಲ ಕೊಂಡಿ ಬೋಲ್ಟ್ ಅಲ್ಲ, ಥ್ರೆಡ್. ಹೆಚ್ಚು ಗಟ್ಟಿ ಬೋಲ್ಟನ್ನು ಹೆಚ್ಚು ಬಿಗಿದರೆ ಥ್ರೆಡ್ ಕಿತ್ತುಬರುತ್ತದೆ. ತುಕ್ಕು ಹಿಡಿಯದ ಉಕ್ಕಿನ ಬೋಲ್ಟ್ ತಾನು ಕೆಡದೆ ಉಳಿದರೂ ತೇವವಿರುವಲ್ಲಿ ಅಲ್ಯೂಮಿನಿಯಂ ಸವೆತವನ್ನು ಹೆಚ್ಚಿಸಬಲ್ಲದು. ತಯಾರಕರು ಸೂಚಿಸಿದ ವರ್ಗ, ಲೇಪನ ಮತ್ತು ಉದ್ದವೇ ಸೂಕ್ತ.

ಉದ್ದದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಂದೇ ಪಂಪಿನಲ್ಲಿ ಬೇರೆ ಬೇರೆ ಉದ್ದದ ಬೋಲ್ಟ್‌ಗಳಿರುವುದು ಸಾಮಾನ್ಯ. ತೆಗೆದ ಬೋಲ್ಟ್‌ಗಳನ್ನು, ಪಂಪಿನ ಆಕಾರ ಬರೆದ ರಟ್ಟಿನಲ್ಲಿ ಅವುಗಳ ಸ್ಥಾನಗಳಿಗೆ ಚುಚ್ಚಿಟ್ಟರೆ ಗೊಂದಲ ತಪ್ಪುತ್ತದೆ. ಉದ್ದ ಹೆಚ್ಚಾದ ಬೋಲ್ಟ್ ರಂಧ್ರದ ತಳಕ್ಕೆ ತಾಗಿ ಪಂಪನ್ನು ಒತ್ತದೆಯೇ ಬಿಗಿದಂತೆ ತೋರುತ್ತದೆ; ಗಿಡ್ಡ ಬೋಲ್ಟ್ ಕೆಲವೇ ಥ್ರೆಡ್‌ಗಳನ್ನು ಹಿಡಿದು ಅವುಗಳನ್ನು ಕೀಳುತ್ತದೆ. ಅಲ್ಯೂಮಿನಿಯಂನಲ್ಲಿ ಥ್ರೆಡ್ ಹಿಡಿತದ ಆಳ ಬೋಲ್ಟಿನ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಇರಬೇಕೆಂಬುದು ರೂಢಿಯ ನಿಯಮ.

ಮರುಜೋಡಣೆ

ತಳಮುಚ್ಚಿದ ರಂಧ್ರದಲ್ಲಿ ಎಣ್ಣೆ ಅಥವಾ ಕೂಲೆಂಟ್ ಉಳಿಯದಂತೆ ನೋಡಿಕೊಳ್ಳಬೇಕು. ದ್ರವವು ಸಂಕುಚಿತಗೊಳ್ಳದ ಕಾರಣ, ಬೋಲ್ಟ್ ಬಿಗಿಯುವಾಗ ಅದು ಪಿಸ್ಟನ್ನಿನಂತೆ ವರ್ತಿಸಿ ಎರಕವನ್ನೇ ಸೀಳಬಲ್ಲದು. ವಾಟರ್ ಜಾಕೆಟ್‌ಗೆ ತೆರೆದುಕೊಳ್ಳುವ ರಂಧ್ರಗಳ ಬೋಲ್ಟ್‌ಗಳಿಗೆ ಥ್ರೆಡ್ ಸೀಲೆಂಟ್ ಹಚ್ಚಬೇಕು. ಇಲ್ಲವಾದರೆ ಕೂಲೆಂಟ್ ಥ್ರೆಡ್ ಮೂಲಕವೇ ಮೇಲೇರಿ ಸೋರುತ್ತದೆ. ಇತರ ಬೋಲ್ಟ್‌ಗಳಿಗೆ ಆ್ಯಂಟಿ ಸೀಜ್ ಲೇಪನ ಹಚ್ಚುವುದುಂಟು. ಅದು ಘರ್ಷಣೆಯನ್ನು ಕಡಿಮೆ ಮಾಡುವುದರಿಂದ ಒಣ ಬೋಲ್ಟಿಗೆ ಹೇಳಿದ ಟಾರ್ಕ್‌ವರೆಗೆ ಬಿಗಿದರೆ ಬೋಲ್ಟ್ ಅತಿಯಾಗಿ ಎಳೆಯಲ್ಪಡುತ್ತದೆ. ಟಾರ್ಕ್ ಕಡಿಮೆ ಮಾಡಬೇಕಾಗುತ್ತದೆ.

ಗ್ಯಾಸ್ಕೆಟ್ ಕೂರುವ ಮೇಲ್ಮೈಯನ್ನು ಗೀರು ಬೀಳದಂತೆ ಶುಚಿಗೊಳಿಸಿ, ಎಲ್ಲ ಬೋಲ್ಟ್‌ಗಳನ್ನು ಮೊದಲು ಕೈಯಿಂದ ತಿರುಗಿಸಿ, ನಂತರ ಎದುರುಬದುರಾಗಿ ಎರಡು ಮೂರು ಸುತ್ತುಗಳಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯಲಾಗುತ್ತದೆ. ಈ ಸ್ಥಾನಗಳಲ್ಲಿ ಎಂ6 ಬೋಲ್ಟಿಗೆ ಸುಮಾರು 10, ಎಂ8ಕ್ಕೆ ಸುಮಾರು 20 ರಿಂದ 25 ನ್ಯೂಟನ್ ಮೀಟರ್ ಸಾಮಾನ್ಯವಾದರೂ ಆಯಾ ವಾಹನದ ಕೈಪಿಡಿಯ ಅಂಕಿಯೇ ಅಂತಿಮ. ಬಳಿಕ ಕೂಲೆಂಟ್ ತುಂಬಿ, ಒಳಗೆ ಸಿಕ್ಕಿದ ಗಾಳಿಯನ್ನು ಹೊರಬಿಟ್ಟು, ಒತ್ತಡ ಪರೀಕ್ಷೆ ಮಾಡಿ, ಎಂಜಿನ್ ಒಮ್ಮೆ ಬಿಸಿಯಾಗಿ ತಣಿದ ಮೇಲೆ ಮತ್ತೆ ಸೋರಿಕೆ ಪರಿಶೀಲಿಸಲಾಗುತ್ತದೆ.

ಮುರಿದ ಬೋಲ್ಟನ್ನು ಹಾಗೆಯೇ ಬಿಟ್ಟು, ಉಳಿದ ಬೋಲ್ಟ್‌ಗಳ ಮೇಲೆ ಸೀಲೆಂಟ್ ಬಳಿದು ವಾಹನ ಓಡಿಸುವ ಪದ್ಧತಿ ಅಪಾಯಕಾರಿ. ಒತ್ತಡವಿಲ್ಲದ ಆ ಮೂಲೆಯಿಂದ ಕೂಲೆಂಟ್ ಸೋರಿ ಎಂಜಿನ್ ಅತಿಯಾಗಿ ಕಾದರೆ ಸಿಲಿಂಡರ್ ಹೆಡ್ ಬಾಗುವುದು, ಹೆಡ್ ಗ್ಯಾಸ್ಕೆಟ್ ಸುಡುವುದು ಮುಂತಾದ ದೊಡ್ಡ ನಷ್ಟಗಳಾಗುತ್ತವೆ.

ಉದಾಹರಣೆ

ಅಮೆರಿಕದ ಫೋರ್ಡ್ ಕಂಪನಿಯ ವಿಂಡ್ಸರ್ ಸರಣಿಯ ವಿ8 ಎಂಜಿನ್ನುಗಳು ಈ ಸಮಸ್ಯೆಗೆ ಚಿರಪರಿಚಿತ ಉದಾಹರಣೆ. ಈ ಸರಣಿ 1962ರಲ್ಲಿ ಆರಂಭವಾಯಿತು. ಇದರ 302 ಘನ ಅಂಗುಲದ ಮಾದರಿ 1968ರಲ್ಲಿ ಬಂದಿತು. ಇದರಲ್ಲಿ ವಾಟರ್ ಪಂಪಿನ ಕೆಲವು ಉದ್ದನೆಯ ಬೋಲ್ಟ್‌ಗಳು ಪಂಪ್ ಮತ್ತು ಅಲ್ಯೂಮಿನಿಯಂ ಟೈಮಿಂಗ್ ಕವರ್ ಎರಡನ್ನೂ ಹಾದು ಎರಕದ ಕಬ್ಬಿಣದ ಬ್ಲಾಕ್‌ನಲ್ಲಿ ಕೂರುತ್ತವೆ. ಕೂಲೆಂಟ್ ಕೂಡ ಟೈಮಿಂಗ್ ಕವರ್ ಮೂಲಕವೇ ಬ್ಲಾಕ್‌ಗೆ ಹರಿಯುತ್ತದೆ. ಹೀಗೆ ಉಕ್ಕು, ಅಲ್ಯೂಮಿನಿಯಂ ಮತ್ತು ತೇವ ಮೂರೂ ಒಂದೆಡೆ ಸೇರುವುದರಿಂದ ಬೋಲ್ಟಿನ ಕಾಂಡ ಕವರಿನೊಳಗೆ ಕಚ್ಚಿಕೊಂಡು ಬಿಚ್ಚುವಾಗ ಮುರಿಯುತ್ತದೆ. ಇಲ್ಲಿ ಬಲಪ್ರಯೋಗಕ್ಕಿಂತ ಕವರನ್ನು ಕಾಯಿಸಿ, ಬೋಲ್ಟಿನಿಂದ ಬಿಡಿಸಿ, ನಂತರ ಬ್ಲಾಕ್‌ನಿಂದ ಹೊರಚಾಚಿದ ತುಂಡನ್ನು ತಿರುಗಿಸಿ ತೆಗೆಯುವುದು ಹೆಚ್ಚು ಫಲಕಾರಿ.

ತಡೆಗಟ್ಟುವಿಕೆ

- ಕೂಲೆಂಟನ್ನು ತಯಾರಕರು ಸೂಚಿಸಿದ ಅವಧಿಗೆ ಬದಲಿಸುವುದು. ಸಾಂದ್ರ ರೂಪದ ಕೂಲೆಂಟನ್ನು ಖನಿಜಗಳಿಲ್ಲದ ಶುದ್ಧ ನೀರಿನೊಂದಿಗೆ ಬೆರೆಸುವುದು.
- ಸಣ್ಣ ಸೋರಿಕೆ ಕಂಡೊಡನೆ ಸರಿಪಡಿಸುವುದು.
- ಬೋಲ್ಟ್ ಬಿಚ್ಚುವ ಮೊದಲು ಎಣ್ಣೆ ಹಾಕಿ ಕಾಯುವುದು. ಆರು ಮೂಲೆಯ ಸಾಕೆಟ್ ಬಳಸುವುದು.
- ತಿರುಗುತ್ತಿರುವ ಬೋಲ್ಟ್ ಕ್ರಮೇಣ ಬಿಗಿಯಾಗುತ್ತಿದ್ದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಎಣ್ಣೆ ಹಾಕುವುದು.
- ಸ್ಪ್ಯಾನರಿಗೆ ಬಲ ಹಾಕಿದಾಗ ಬೋಲ್ಟಿನ ತಲೆ ಮೆತ್ತಗೆ, ಸ್ಪಂಜಿನಂತೆ ತಿರುಗಿದರೆ ಅದು ತಿರುಚಿಕೊಳ್ಳುತ್ತಿದೆ ಎಂದು ಅರಿತು ಶಾಖದ ವಿಧಾನಕ್ಕೆ ಬದಲಾಯಿಸುವುದು.

ಇವನ್ನೂ ನೋಡಿ

- ರೇಡಿಯೇಟರ್
- ಥರ್ಮೋಸ್ಟಾಟ್
- ತುಕ್ಕು
- ಗ್ಯಾಲ್ವಾನಿಕ್ ಸವೆತ
- ಟಾರ್ಕ್ ರೆಂಚ್